ದವಡೆಯ ತಗಡು, ನನ್ನ ನಾಲಿಗೆ

ನಮ್ಮ ಆಸ್ಪತ್ರೆಗೆ ಟೈಟಾನಿಯಂ ತಗಡುಗಳು ಬಂದ ಮೊದಲ ವಾರವೇ ನಾನೊಂದು ಸ್ಕ್ರೂ ಬೀಳಿಸಿದೆ. ಅಕ್ಕಿಕಾಳಿಗಿಂತ ತುಸು ಉದ್ದದ ಸ್ಕ್ರೂ. ಡಬ್ಬಿಯಿಂದ ಎಷ್ಟು ತೆಗೆದೆವು, ಮೂಳೆಗೆ ಎಷ್ಟು ಹಾಕಿದೆವು, ಎಷ್ಟು ಉಳಿಯಿತು ಎಂಬ ಲೆಕ್ಕ ಕೂಡಿಬರದೆ ರೋಗಿಯ ಬಾಯಿ ಹೊಲಿಯುವಂತಿಲ್ಲ. ಹೊಲಿಗೆ ಕೋಣೆಯಲ್ಲಿ ಸೂಜಿ ಆರಿಸಲು ಇಟ್ಟಿದ್ದ ಆಯಸ್ಕಾಂತವನ್ನು ತರಿಸಿದೆ. ಟೇಬಲ್ಲಿನ ಕೆಳಗೆ ಮಂಡಿಯೂರಿ ನೆಲವನ್ನೆಲ್ಲ ಗುಡಿಸಿದ ಹಾಗೆ ಆಯಸ್ಕಾಂತ ಆಡಿಸಿದೆ. ನಮ್ಮ ಸರ್, ಅಂದರೆ ಮುಖದ ಮೂಳೆಗಳ ಶಸ್ತ್ರಚಿಕಿತ್ಸಕರು, ಕೈಗವಸು ಹಾಕಿದ ಎರಡೂ ಕೈಗಳನ್ನು ಎದೆಯ ಮುಂದೆ ಹಿಡಿದುಕೊಂಡು ನೋಡುತ್ತ ನಿಂತಿದ್ದರು.

"ಸಿಸ್ಟರ್, ನರ್ಸಿಂಗಿಗೆ ಮೊದಲು ನೀವು ಬಿ.ಎಸ್ಸಿ. ಮಾಡಿದ್ದು ಯಾವ ವಿಷಯದಲ್ಲಿ?"

"ಕೆಮಿಸ್ಟ್ರಿ, ಸರ್."

"ಹಾಗಾದರೆ ಇನ್ನೊಂದು ಐದು ನಿಮಿಷ ಹುಡುಕಿ. ಟೈಟಾನಿಯಂ ಚುಂಬಕಕ್ಕೆ ಅಂಟುತ್ತದೋ ಇಲ್ಲವೋ, ಅಷ್ಟರಲ್ಲಿ ನೆನಪಾದೀತು."

ಅಂಟುವುದಿಲ್ಲ. ಸ್ಕ್ರೂ ಕೊನೆಗೆ ಸಿಕ್ಕಿದ್ದು ನನ್ನದೇ ಚಪ್ಪಲಿಯ ಮೇಲೆ ತೊಟ್ಟಿದ್ದ ಬಟ್ಟೆಚೀಲದ ಮಡಿಕೆಯಲ್ಲಿ. ಇದನ್ನು ಮೊದಲೇ ಹೇಳುತ್ತಿರುವುದು ಒಂದು ಕಾರಣಕ್ಕೆ. ಆಪರೇಷನ್ ಥಿಯೇಟರಿಗೆ ಹೊಸದಾಗಿ ಸೇರುವ ನೀವು ಮುಂದೆ ನನ್ನಿಂದ ಒಂದೆರಡು ಉಪದೇಶ ಕೇಳಬೇಕಾಗುತ್ತದೆ; ಅವುಗಳಿಗೆ ಎಷ್ಟು ಬೆಲೆ ಕಟ್ಟಬೇಕೆಂಬುದು ಗೊತ್ತಿರಲಿ.

ನಾನು ಭಾಲ್ಕಿಯವಳು. ಮರಾಠಿ ಸೀಮೆಯ, ಈಗಿನ ಸಂಭಾಜಿನಗರಕ್ಕೆ ಇನ್ನೂ ಹಳೆಯ ಹೆಸರಿದ್ದ ಕಾಲದಲ್ಲಿ ಅಲ್ಲಿ ನೌಕರಿಗೆ ಸೇರಿದೆ. ಆಗ ಮುರಿದ ದವಡೆಗೆ ತಂತಿಯೇ ಗತಿ. ಮೇಲಿನ ಹಲ್ಲುಸಾಲಿಗೂ ಕೆಳಗಿನ ಹಲ್ಲುಸಾಲಿಗೂ ಸ್ಟೀಲಿನ ತಂತಿ ಬಿಗಿದು ಆರು ವಾರ ಬಾಯಿ ಮುಚ್ಚಿಬಿಡುತ್ತಿದ್ದೆವು. ರೋಗಿ ಹಾಲು, ಗಂಜಿ, ಬೇಳೆಕಟ್ಟು ಹೀರಿಕೊಂಡು ಬದುಕಬೇಕು. ವಾಂತಿ ಬಂದರೆ ಉಸಿರು ಕಟ್ಟಬಾರದೆಂದು ತಂತಿ ಕತ್ತರಿಸುವ ಇಕ್ಕಳವನ್ನು ಮಂಚದ ಸರಳಿಗೆ ಕಟ್ಟಿಡುತ್ತಿದ್ದೆವು. ಅಲ್ಲಿ ಕನ್ನಡ ಎಂಬ ಹೆಸರಿನದೇ ಒಂದು ತಾಲ್ಲೂಕಿದೆ, ಅಲ್ಲಿಯ ಒಬ್ಬ ಸರ್ಕಾರಿ ಎಸ್‌ಟಿ ಬಸ್ ಕಂಡಕ್ಟರ್ ರಜೆ ಮುಗಿಯಿತೆಂದು ತಂತಿ ಬಿಗಿದ ಬಾಯಲ್ಲೇ ಡ್ಯೂಟಿಗೆ ಹೋದ. ಟಿಕೆಟ್ ತೂತು ಮಾಡುವ ಇಕ್ಕಳವನ್ನು ಕಟಕಟ ಬಡಿದರೆ ಸಾಕು, ಮಾತು ಯಾಕೆ ಬೇಕು ಎಂದು ಚೀಟಿಯಲ್ಲಿ ಬರೆದು ತೋರಿಸಿದ. ಆರು ವಾರಗಳಾದ ಮೇಲೆ ತಂತಿ ತೆಗೆಸಲು ಬಂದಾಗ ಗೊತ್ತಾಯಿತು, ಇಷ್ಟು ಮರ್ಯಾದಸ್ಥ ಕಂಡಕ್ಟರನ್ನು ಆ ರೂಟಿನಲ್ಲಿ ಕಂಡಿರಲಿಲ್ಲ ಎಂದು ಪ್ರಯಾಣಿಕರು ಹೇಳುತ್ತಿದ್ದರಂತೆ.

ಆಮೇಲೆ ತಗಡುಗಳು ಬಂದವು. ಬೆರಳ ಗೆಣ್ಣಿನಷ್ಟು ಉದ್ದದ, ನಾಲ್ಕು ತೂತಿನ ತೆಳು ಪಟ್ಟಿ. ಮುರಿದ ಮೂಳೆಯ ಎರಡು ತುದಿಗಳನ್ನು ಕೂಡಿಸಿ, ಮೇಲೆ ಪಟ್ಟಿಯಿಟ್ಟು, ಆಚೆ ಎರಡು ಈಚೆ ಎರಡು ಸ್ಕ್ರೂ ತಿರುಗಿಸಿದರೆ ಆಯಿತು. ರೋಗಿ ಮಾರನೆಯ ದಿನ ಚಹಾ ಕುಡಿಯುತ್ತಿದ್ದ, ವಾರದಲ್ಲಿ ಮೆತ್ತನೆಯ ಅನ್ನ ತಿನ್ನುತ್ತಿದ್ದ. ನಮಗೆಲ್ಲ ಕೊಂಬು ಬಂದ ಹಾಗಾಯಿತು. ಮೂಳೆ ಕೂಡಿದ ಮೇಲೂ ತಗಡನ್ನು ತೆಗೆಯುವುದಿಲ್ಲ. ತೊಂದರೆ ಕೊಟ್ಟರೆ ಮಾತ್ರ ತೆಗೆಯುವುದು. ಹೆಚ್ಚಿನವರ ಮುಖದಲ್ಲಿ ಅದು ಸಾಯುವತನಕ ಸುಮ್ಮನೆ ಇದ್ದುಬಿಡುತ್ತದೆ.

ಸುಮ್ಮನೆ ಇರದವುಗಳ ಕಥೆ ಗೊತ್ತಾಗಲು ನಮಗೆ ಹತ್ತಾರು ವರ್ಷ ಬೇಕಾಯಿತು. ಸರ್ ನಾಶಿಕದಲ್ಲಿ ಸ್ವಂತ ಆಸ್ಪತ್ರೆ ತೆರೆದು ನನ್ನನ್ನೂ ಕರೆಸಿಕೊಂಡ ಮೇಲೆ, ಅಲ್ಲಿನ ಚಳಿ ನಮಗೆ ಒಂದಿಷ್ಟು ಪಾಠ ಕಲಿಸಿತು. ಕೆನ್ನೆಮೂಳೆಗೆ ತಗಡು ಹಾಕಿಸಿಕೊಂಡ ದ್ರಾಕ್ಷಿ ತೋಟದ ಒಬ್ಬ ರೈತ ಚಳಿಗಾಲದ ಬೆಳಿಗ್ಗೆ ತೋಟಕ್ಕೆ ಹೋದರೆ ಕೆನ್ನೆಯೊಳಗೆ ಬರ್ಫದ ಗಡ್ಡೆ ಇಟ್ಟ ಹಾಗೆ ಕೊರೆಯುತ್ತದೆ ಎನ್ನುತ್ತಿದ್ದ. ಮುಖ ತೊಳೆಯುವಾಗ ಕಣ್ಣಿನ ಕೆಳಗೆ ತಗಡಿನ ಅಂಚು ಕೈಗೆ ಸಿಗುತ್ತದೆ ಎಂದು ಒಬ್ಬ ಶಿಕ್ಷಕಿ ದೂರುತ್ತಿದ್ದರು. ಇನ್ನೊಬ್ಬರು ಶೇಂಗಾ ಚಿಕ್ಕಿಯಲ್ಲಿ ಕಬ್ಬಿಣ ಸಿಕ್ಕಿತೆಂದು ಅಂಗಡಿಯವನ ಜೊತೆ ಬೀದಿಜಗಳ ಮಾಡಿ, ಸಾಕ್ಷಿಗೆಂದು ಅದನ್ನು ಬೆಂಕಿಪೊಟ್ಟಣದಲ್ಲಿ ಇಟ್ಟುಕೊಂಡಿದ್ದರು. ವಸಡು ಯಾಕೆ ನೋಯುತ್ತದೆಂದು ತೋರಿಸಲು ಬಂದಾಗ ಪೊಟ್ಟಣ ತೆರೆದರು. ಒಳಗಿದ್ದದ್ದು ನಮ್ಮದೇ ಸ್ಕ್ರೂ, ಸಡಿಲವಾಗಿ ಬಾಯಿಗೆ ಬಂದಿತ್ತು. ಅಂಗಡಿಯವನಿಗೆ ಕ್ಷಮೆ ಕೇಳಲು ಯಾರು ಹೋಗಬೇಕೆಂಬ ಪ್ರಶ್ನೆ ಕೊನೆಗೂ ಬಗೆಹರಿಯಲಿಲ್ಲ.

ಒಮ್ಮೆ ಒಬ್ಬ ಮಗ ಬಂದ. ಚಿತೆ ಆರಿದ ಮೇಲೆ ತಂದೆಯ ಅಸ್ಥಿ ಆಯುವಾಗ ತಗಡು ಸಿಕ್ಕಿತ್ತು, ಸ್ಕ್ರೂಗಳ ಸಮೇತ. ಗೋದಾವರಿಯಲ್ಲಿ ಅಸ್ಥಿಯ ಜೊತೆ ಇದನ್ನೂ ಬಿಡಬೇಕೋ ಬೇಡವೋ, ಕ್ರಿಯೆ ಮಾಡಿಸುವ ಗುರುಜಿಗೆ ತಿಳಿಯಲಿಲ್ಲವಂತೆ; ಹಾಕಿದವರನ್ನೇ ಕೇಳಿ ಬಾ ಎಂದು ಕಳಿಸಿದ್ದರು. ನಾನು ಧರ್ಮಶಾಸ್ತ್ರ ಓದಿದವಳ ಹಾಗೆ, "ಬಿಡಬೇಕು, ಅದೂ ದೇಹದ್ದೇ ಭಾಗ" ಎಂದೆ. ಸರ್ ಒಳಗಿನಿಂದಲೇ, "ಬೇಡಪ್ಪಾ, ಸ್ನಾನಕ್ಕಿಳಿದವರ ಕಾಲಿಗೆ ಚುಚ್ಚೀತು" ಎಂದರು.

ಇದೇ ನನ್ನ ರೋಗ. ಕೇಳಿದ್ದಕ್ಕೆಲ್ಲ ಉತ್ತರ ಹೇಳುವುದು. ಮರಾಠಿಯಲ್ಲಿ ಅದು ಅಷ್ಟಾಗಿ ನಡೆಯುತ್ತಿರಲಿಲ್ಲ, ಸರ್ ಅವರ ಕಿವಿ ಅಲ್ಲೇ ಇರುತ್ತಿತ್ತು. ಕನ್ನಡದಲ್ಲಿ ತಡೆಯುವವರೇ ಇರಲಿಲ್ಲ.

ಸಂಭಾಜಿನಗರದ ದಿನಗಳಲ್ಲಿ ಊರಾಚೆಯ ವಾಳೂಜಿನ ಕಾರ್ಖಾನೆ ಶೆಡ್ಡುಗಳನ್ನು ಕಟ್ಟಲು ಕಲಬುರಗಿ, ಯಾದಗಿರಿ, ಬೀದರ ಕಡೆಯ ಕೂಲಿ ಸಂಸಾರಗಳು ಬರುತ್ತಿದ್ದವು. ಬಿದ್ದು, ಬಡಿಸಿಕೊಂಡು ದವಡೆ ಮುರಿದುಕೊಂಡವರು ನಮ್ಮಲ್ಲಿಗೆ. ಬಿಡುಗಡೆಯ ದಿನ ಸರ್ ಮರಾಠಿಯಲ್ಲಿ ಹೇಳುತ್ತಿದ್ದದ್ದು ಮೂರೇ ಮಾತು: ಆರು ವಾರಕ್ಕೆ, ಆರು ತಿಂಗಳಿಗೆ, ವರ್ಷಕ್ಕೆ ಬಂದು ತೋರಿಸಬೇಕು. ಬಾವು, ನೋವು, ಕೀವು ಕಂಡರೆ ಅದೇ ದಿನ ಬರಬೇಕು. ಏನೂ ಇಲ್ಲದಿದ್ದರೆ ತಗಡು ಒಳಗೇ ಇರಲಿ. "ಸಿಸ್ಟರ್, ಇವರಿಗೆ ತಿಳಿಸಿ" ಎಂದು ನನ್ನ ಕಡೆ ನೋಡುತ್ತಿದ್ದರು.

ನಾನು ತಿಳಿಸುತ್ತಿದ್ದದ್ದು ಹೀಗೆ:

"ನೋಡ್ರಿ, ಇದು ಟೈಟಾನಿಯಂ ಅದ. ವಿಮಾನಕ್ಕ ಹಾಕ್ತಾರಲ್ಲ, ಅದು. ನೀವು ಮಣ್ಣಿಗಿ ಹೋದ್ರೂ ಇದಕ್ಕ ತುಕ್ಕ ಹಿಡಿಯಂಗಿಲ್ಲ. ಜಿಂದಗಿ ತನಕಾ ಚಿಂತಿ ಇಲ್ಲ. ಸುಮ್ನ ದಗದ ಬಿಟ್ಟ ಇಲ್ಲಿಗಿ ಅಡ್ಡಾಡಬ್ಯಾಡ್ರಿ, ಆರಾಮ ರೊಟ್ಟಿ ತಿನ್ರಿ."

ಸತ್ತವರನ್ನು ಹೂಳುವ ಜನ ನಾವು. ಮಣ್ಣಿಗೆ ಹೋದರೂ ತುಕ್ಕು ಹಿಡಿಯದು ಎಂಬ ಮಾತು ನಮ್ಮವರಿಗೆ ನೇರ ಎದೆಗೇ ಹೋಗುತ್ತಿತ್ತು. ಆಳಂದ ಕಡೆಯ ಒಬ್ಬ ಮುದುಕ ಬಹಳ ಯೋಚಿಸಿ, "ಮಣ್ಣಾಗ ಕೂಡಸೂಮುಂದ ಇದನ್ನ ತಗೀಬೇಕೇನ್ರಿ ಅವ್ವಾ?" ಎಂದು ಕೇಳಿದ. "ಬ್ಯಾಡ ಮುತ್ಯಾ, ಹಂಗೇ ಇರ್ಲಿ" ಎಂದೆ. ಮುತ್ಯಾ ದವಡೆ ಸವರಿಕೊಂಡು ನೆಮ್ಮದಿಯಾಗಿ ಹೋದ.

ಅವರ ಒಂದು ದಿನದ ಕೂಲಿ ಉಳಿಸುತ್ತಿದ್ದೇನೆ, ಕೂಲಿಯವರ ಮೇಸ್ತ್ರಿ ಮುಕಾದಮನ ಬೈಗುಳ ತಪ್ಪಿಸುತ್ತಿದ್ದೇನೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಅದೂ ಇತ್ತು, ಸುಳ್ಳಲ್ಲ. ಆದರೆ ಮರಾಠಿಯಲ್ಲಿ ನಾನು ಟ್ರೇ ಹಿಡಿಯುವವಳು. ಕನ್ನಡಕ್ಕೆ ಬಂದ ಕೂಡಲೇ ನಾನೇ ಡಾಕ್ಟರು. ಅವರು ಕಣ್ಣರಳಿಸಿ ಕೇಳುವುದು ನನಗೆ ಹಿಡಿಸಿತ್ತು.

ಮಲ್ಲಮ್ಮ ಬಂದದ್ದು ಆ ದಿನಗಳಲ್ಲೇ. ಅಫಜಲಪುರದ ಕಡೆಯವಳು, ವಯಸ್ಸು ಇಪ್ಪತ್ತಾರೋ ಇಪ್ಪತ್ತೇಳೋ. ಕಾಂಕ್ರೀಟಿನ ಬುಟ್ಟಿ ಮೇಲೆತ್ತುವ ಯಂತ್ರದ ಹಿಡಿಕೆ ಜಾರಿ, ಗಿರ್ರನೆ ತಿರುಗಿ ಅವಳ ಎಡದವಡೆಗೆ ಬಡಿದಿತ್ತು. ಜೊತೆಗೆ ಗಂಡ ಹಣಮಂತ, ಅವನ ಸೊಂಟದ ಮೇಲೆ ಮೂರು ವರ್ಷದ ಮಗಳು ರೇಣುಕಾ. ಮೂಳೆ ಸೀಳಿದ ಗೆರೆಯಲ್ಲೇ ಬುದ್ಧಿಹಲ್ಲೊಂದು ಇತ್ತು. ಗಟ್ಟಿಯಾಗಿ ನಿಂತಿತ್ತು, ಮೂಳೆಗೆ ಆಸರೆಯಾಗಿತ್ತು, ಹಾಗಾಗಿ ಸರ್ ಅದನ್ನು ಕೀಳಲಿಲ್ಲ. ಬಿಡುಗಡೆಯ ದಿನ ಎಂದಿನ ಮೂರು ಮಾತಿನ ಜೊತೆಗೆ, "ಆ ಹಲ್ಲಿನ ಮೇಲೆ ಕಣ್ಣಿಡಬೇಕು. ಇವಳು ಬರಲೇಬೇಕು, ಒತ್ತಿ ಹೇಳಿ" ಎಂದರು.

ನಾನು ಒತ್ತಿಯೇ ಹೇಳಿದೆ, ವಿಮಾನದಿಂದ ಹಿಡಿದು ರೊಟ್ಟಿಯವರೆಗೆ.

ಅದಾಗಿ ಹದಿಮೂರು ವರ್ಷ. ಈಗ ನಾಶಿಕದಲ್ಲಿ ನನಗೆ ನಿವೃತ್ತಿ ಹತ್ತಿರವಾಗಿತ್ತು. ಹಳೆಯ ರೋಗಿಗಳ ತಗಡುಗಳು ಈಗ ಹೇಗಿವೆ ಎಂದು ನೋಡಬೇಕು, ಮುಂಬರುವ ಸಮ್ಮೇಳನದಲ್ಲಿ ಅದರ ಬಗ್ಗೆ ಮಾತಾಡಬೇಕು ಎಂದು ಸರ್ ತೀರ್ಮಾನಿಸಿದರು. ಫೋನ್ ಮಾಡಿ ವಿಚಾರಿಸುವ ಕೆಲಸ ನನಗೆ ಬಂತು. ಹೆಸರು, ಹಾಕಿದ ವರ್ಷ, ತೊಂದರೆ ಎಂಬ ಮೂರು ಕಾಲಂ ಎಳೆದುಕೊಂಡು ಕುಳಿತೆ. ಮರಾಠಿ ಹೆಸರುಗಳ ಮುಂದೆ ಬರ್ಫ, ಅಂಚು, ಸಡಿಲ ಸ್ಕ್ರೂ, ಕೀವು ಎಂದು ಏನಾದರೊಂದು ತುಂಬುತ್ತಿತ್ತು. ಬಹಳ ಜನ ಚೆನ್ನಾಗಿಯೂ ಇದ್ದರು. ಕೊನೆಯ ಮೂರು ಪುಟ ನಮ್ಮ ಕಡೆಯವರದು. ಅವರ ಫೋನುಗಳು ಯಾವುವೂ ಹತ್ತುತ್ತಿರಲಿಲ್ಲ. ಒಬ್ಬರೂ ದೂರು ಹೊತ್ತು ಮರಳಿ ಬಂದದ್ದು ಕಡತದಲ್ಲಿರಲಿಲ್ಲ. ಬರದವರಿಗೆ ತೊಂದರೆ ಇಲ್ಲವೆಂದೇ ಅರ್ಥ ಅಲ್ಲವೇ? ಪ್ರತಿ ಹೆಸರಿನ ಮುಂದೆ ದುಂಡಗಿನ ಅಕ್ಷರದಲ್ಲಿ 'ತೊಂದರೆ ಇಲ್ಲ' ಎಂದು ಬರೆದೆ.

ಸರ್ ಪುಟ ತಿರುವಿ ಹುಬ್ಬೇರಿಸಿದರು. "ನಿಮ್ಮ ಜನಕ್ಕೆ ಏನೂ ಆಗುವುದಿಲ್ಲವಲ್ಲ, ಸಿಸ್ಟರ್?"

"ಜೋಳದ ರೊಟ್ಟಿ, ಸರ್."

"ನಾವೇನು ನಮ್ಮ ಜೋಳದ ಭಾಕರಿ ಬಿಟ್ಟು ಕೇಕು ತಿಂದು ಬೆಳೆದೆವಾ?"

"ನಮ್ಮದು ತೆಳ್ಳಗಿರುತ್ತದೆ, ಸರ್. ಹೆಚ್ಚು ತಿನ್ನಬಹುದು."

ಅವರು ನಕ್ಕರು. ಭಾಷಣದಲ್ಲಿ ಇದನ್ನು ಹೇಳಿ ನಿಮ್ಮ ಹೆಸರನ್ನೂ ಹೇಳುತ್ತೇನೆ ಎಂದರು. ಮನೆಗೆ ಹೋಗಿ ನಮ್ಮ ಯಜಮಾನರಿಗೆ ಹೇಳಿದೆ. ಅವರು, "ಸಮ್ಮೇಳನಕ್ಕ ರೊಟ್ಟಿ ಕಟ್ಟಿ ಕಳಸ್ಲೇನು?" ಎಂದರು.

ಅದಾದ ಎರಡನೆಯ ವಾರ, ಸೋಮವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ, ಹೊರರೋಗಿಗಳ ಸಾಲನ್ನು ದಾಟಿಕೊಂಡು ಮೂವರು ಒಳಗೆ ಬಂದರು. ನಡುವಿನ ಹೆಂಗಸಿನ ಎಡಗೆನ್ನೆಯಿಂದ ಕುತ್ತಿಗೆಯವರೆಗೆ ಬಾತು ಬಿಗಿದಿತ್ತು. ಗಲ್ಲದ ಕೆಳಗೆ ಉಪ್ಪಿನ ಶಾಖ ಕೊಟ್ಟು ಸುಟ್ಟ ಕಲೆ. ಬಾಯಿ ಅರೆ ತೆರೆದು ಜೊಲ್ಲು ಸೆರಗಿನ ಮೇಲೆ ಇಳಿಯುತ್ತಿತ್ತು, ನುಂಗಲು ಆಗುತ್ತಿರಲಿಲ್ಲ. ಮುಂದಕ್ಕೆ ಬಾಗಿ, ಎರಡೂ ಕೈಗಳನ್ನು ಮೊಣಕಾಲಿನ ಮೇಲೆ ಊರಿ ಕುಳಿತಳು. ನನಗೆ ಗುರುತು ಸಿಗಲಿಲ್ಲ. ಅವಳ ಗಂಡನಿಗೆ ನನ್ನದು ಸಿಕ್ಕಿತು.

"ಅಕ್ಕಾರ, ನೀವಾ? ನಾ ಹಣಮಂತ ಅದೀನ್ರಿ. ವಾಳೂಜದಾಗ ಇಕಿಗಿ ತಗಡ ಹಾಕಿದ್ರಲ್ರಿ. ಈಗ ಇಲ್ಲೇ ಹತ್ರ ಲಾಸಲಗಾಂವ್ದಾಗ ಉಳ್ಳಾಗಡ್ಡಿ ಆರ್ಸೂ ಕೆಲಸಕ್ಕ ಅದೀವಿ. ಡಾಕ್ಟರ್ ಇಲ್ಲಿ ಬಂದಾರಂತ ಯಾರೋ ಹೇಳಿದ್ರು."

ಸರ್ ಆಗಲೇ ಬ್ಯಾಟರಿ ಹಿಡಿದು ಅವಳ ಬಾಯೊಳಗೆ ನೋಡುತ್ತಿದ್ದರು. ನಾಲಿಗೆ ಮೇಲಕ್ಕೆದ್ದು ಅಂಗುಳಕ್ಕೆ ತಾಗುವಂತಿತ್ತು. ತಗಡಿದ್ದ ಜಾಗದ ಕೀವು ನಾಲಿಗೆಯ ಕೆಳಗೆ ಹರಡಿ ಕುತ್ತಿಗೆಗೆ ಇಳಿದಿತ್ತು. ಇದಕ್ಕೆ ಗಡುವು ಗಂಟೆಗಳಲ್ಲಿ ಇರುತ್ತದೆ, ಕೆಲವೊಮ್ಮೆ ನಿಮಿಷಗಳಲ್ಲಿ; ಉಸಿರಿನ ದಾರಿಯೇ ಮುಚ್ಚಿಹೋಗುತ್ತದೆ. ಸರ್ ಸ್ವರ ಏರಿಸದೆ, "ಎಷ್ಟು ದಿನದ ಬಾವು? ಇಷ್ಟು ದಿನ ಯಾಕೆ ಬರಲಿಲ್ಲ, ಕೇಳಿ" ಎಂದರು.

ನಾನು ಕೇಳಿದೆ. ಹಣಮಂತ ನನ್ನ ಮುಖವನ್ನೇ ನೋಡಿ ಹೇಳಿದ, ದೂರುವ ದನಿಯಲ್ಲೂ ಅಲ್ಲ:

"ವರ್ಷಾತ್ರಿ ಆಗೊಮ್ಮೆ ಈಗೊಮ್ಮೆ ಬಾಯ್ತಿತ್ತು. ಈಗ ಹದಿನೈದ್ ದಿನ ಆತು ಇಳೀವಲ್ದು. ನೀವೇ ಹೇಳಿದ್ರಲ್ರಿ, ಮಣ್ಣಿಗಿ ಹೋದ್ರೂ ಅದಕ್ಕ ಏನೂ ಆಗಂಗಿಲ್ಲ, ಆಸ್ಪತ್ರಿಗಿ ಬರಬ್ಯಾಡ್ರಿ ಅಂತ. ತಗಡಂದು ಇರ್ಲಿಕ್ಕಿಲ್ಲ, ಹಲ್ಲಿಂದು ಇರ್ಬೇಕು, ಉಪ್ಪಿನ ಶಾಖಾ ಕೊಟ್ರ ಹೋಗ್ತದಂತ ಕುಂತೀವ್ರಿ."

ಸರ್ ನನ್ನ ಕಡೆ ತಿರುಗಿದರು. "ಏನಂತೆ?"

ಮೂವತ್ತು ವರ್ಷ ಎರಡು ಭಾಷೆಗಳ ನಡುವೆ ನಿಂತವಳು ನಾನು. ಆ ಕ್ಷಣದಲ್ಲಿ ನನ್ನ ನಾಲಿಗೆಗೆ ಬಂದದ್ದು ಇಷ್ಟು: "ಅನುಕೂಲ ಆಗಲಿಲ್ಲವಂತೆ, ಸರ್. ಕೂಲಿ ಜನ."

"ತಸ ನಾಹೀ, ಸರ್."

ಹೇಳಿದ್ದು ರೇಣುಕಾ. ಸೊಂಟದ ಮೇಲಿದ್ದ ಮಗು ಈಗ ಶಾಲೆಯ ಸಮವಸ್ತ್ರದಲ್ಲಿ ತಾಯಿಯ ಬೆನ್ನು ಹಿಡಿದು ನಿಂತಿತ್ತು. ಕನ್ನಡ ಅವಳಿಗೆ ಮಾತಾಡಲು ತೊಡಕು, ತಿಳಿಯಲು ತೊಡಕಿಲ್ಲ. ಹಾಗಲ್ಲ ಸರ್ ಎಂದವಳು ಅಚ್ಚ ಮರಾಠಿಯಲ್ಲಿ, ಪಾಠ ಒಪ್ಪಿಸುವ ಹಾಗೆ, ಅಪ್ಪ ಹೇಳಿದ್ದನ್ನೆಲ್ಲ ಹೇಳಿದಳು. ವರ್ಷದಿಂದ ಬಾವು ಬಂದು ಹೋಗುತ್ತಿತ್ತು. ಹದಿನೈದು ದಿನದಿಂದ ಇಳಿದಿಲ್ಲ. ತಗಡಿಗೆ ಸಾಯುವವರೆಗೂ ಏನೂ ಆಗುವುದಿಲ್ಲ, ಆಸ್ಪತ್ರೆಗೆ ಬರಬೇಡಿ ಎಂದು ಈ ಸಿಸ್ಟರ್ ಹೇಳಿದ್ದರು. ಒಂದು ಮಾತು ಸೇರಿಸಲಿಲ್ಲ, ಒಂದು ಮಾತು ಬಿಡಲಿಲ್ಲ. ಅನುವಾದ ಎಂದರೆ ಏನೆಂದು ನಾನು ಆ ಹುಡುಗಿಯಿಂದ ಕಲಿತೆ, ನಿವೃತ್ತಿಗೆ ಮೂರು ತಿಂಗಳಿರುವಾಗ.

ಸರ್ ನನ್ನನ್ನು ನೋಡಿದ್ದು ಒಂದೇ ಕ್ಷಣ. "ಥಿಯೇಟರಿಗೆ ತನ್ನಿ. ಕೂರಿಸಿಕೊಂಡೇ" ಎಂದು ಹೇಳಿ ಕೈ ತೊಳೆಯಲು ನಡೆದರು.

ಮುಂದಿನದು ಅರ್ಧ ನಿಮಿಷದ ಮಾತು. ನಾನು ಈಗಲೂ ತರಕಾರಿ ಹೆಚ್ಚುವಾಗ, ಬಸ್ಸಿನಲ್ಲಿ ಕುಳಿತಾಗ, ಯಾರದೋ ಭುಜ ಕಂಡಾಗ ಆ ಅರ್ಧ ನಿಮಿಷವನ್ನು ಮತ್ತೆ ಮೊದಲಿನಿಂದ ನೋಡುತ್ತೇನೆ. ಕೂರಿಸಿಕೊಂಡೇ ಎಂಬ ಮಾತು ನನ್ನ ಕಿವಿಗೆ ಬಿದ್ದಿತ್ತು, ತಲೆಗೆ ಹೋಗಿರಲಿಲ್ಲ. ತಲೆಯಲ್ಲಿ ಇದ್ದದ್ದು ಒಂದೇ: ಸರ್ ಎಲ್ಲರ ಮುಂದೆ ಏನೆನ್ನುತ್ತಾರೆ. ಟ್ರಾಲಿಗೆ ಹತ್ತಿಸಿ, ಸಾವಿರ ಸಲ ಮಾಡಿದ ಹಾಗೆ, ಅವಳ ಭುಜದ ಮೇಲೆ ಕೈಯಿಟ್ಟು, "ಮಕ್ಕೋ ತಂಗಿ" ಎಂದೆ. ಅವಳು ಬಗ್ಗಲಿಲ್ಲ. ಹೆದರಿದ್ದಾಳೆ ಎಂದುಕೊಂಡು ಒತ್ತಿದೆ. ಮಲಗಿಸಿಬಿಟ್ಟೆ.

ಹಾಗೆ ಬಾತ ಗಂಟಲಿನವರನ್ನು ಅಂಗಾತ ಮಲಗಿಸಿದರೆ ನಾಲಿಗೆ ಹಿಂದಕ್ಕೆ ಬಿದ್ದು ಇದ್ದ ಸಂದೂ ಮುಚ್ಚುತ್ತದೆ. ಇದನ್ನು ನಾನೇ ಹೊಸಬರಿಗೆ ಪಾಠ ಮಾಡುತ್ತಿದ್ದೆ. ಮಲ್ಲಮ್ಮನ ಎದೆ ಎದ್ದಿತು, ಗಾಳಿ ಒಳಗೆ ಹೋಗಲಿಲ್ಲ. ತುಟಿ ನೇರಳೆಗೆ ತಿರುಗಿತು. ಕಣ್ಣು ನನ್ನ ಮೇಲೇ ನೆಟ್ಟಿತ್ತು. ಅವಳು ನನ್ನ ಕೊರಳಲ್ಲಿದ್ದ ಗುರುತುಚೀಟಿಯ ಪಟ್ಟಿಯನ್ನು ಹಿಡಿದು ಎಳೆದಳು, ನಾನು ಅವಳ ಮೇಲೆ ಬೀಳುವಷ್ಟು. ಆಗಲೂ ನನ್ನ ಕೈ ಅವಳ ಭುಜದ ಮೇಲೇ ಇತ್ತು. ಹಿಂದಿನಿಂದ ರೇಣುಕಾ ನನ್ನ ತೋಳು ತಳ್ಳಿ, "ಆಯಿಲಾ ಬಸವಾ" ಎಂದು ಕಿರುಚಿದಳು. ತಾಯಿಯನ್ನು ಕೂರಿಸಿ ಎಂದು. ಇಬ್ಬರೂ ಸೇರಿ ಎತ್ತಿ ಕೂರಿಸಿದೆವು. ಒಂದು ಎಳೆಯಷ್ಟು ಉಸಿರು, ಸಿಳ್ಳೆಯಂಥ ಸದ್ದಿನೊಡನೆ, ಒಳಗೆ ಹೋಯಿತು.

ಸರ್ ಓಡಿಬಂದರು. ಥಿಯೇಟರಿನಲ್ಲಿ ಅವಳನ್ನು ಒರಗಿಸಿ ಕೂರಿಸಿಯೇ, ಕುತ್ತಿಗೆಗೆ ಮರಗಟ್ಟಿಸುವ ಸೂಜಿ ಕೊಟ್ಟು, ಗಂಟಲಿನಲ್ಲಿ ತೂತು ಮಾಡಿ ನಳಿಕೆ ಇಳಿಸಿದರು. ಅಷ್ಟೂ ಹೊತ್ತು ಅವಳ ತಲೆಯನ್ನು ಎರಡು ಕೈಗಳಲ್ಲಿ ಹಿಡಿದಿದ್ದವಳು ನಾನು. ಬೇರೆ ಯಾರಾದರೂ ಹಿಡಿಯಲಿ ಎಂದು ಸರ್ ಹೇಳಬಹುದೆಂದು ಕಾದಿದ್ದೆ. ಅವರು, "ಗಟ್ಟಿಯಾಗಿ ಹಿಡಿಯಿರಿ, ಸಿಸ್ಟರ್" ಎಂದರು, ಅಷ್ಟೇ. ನಳಿಕೆಯಿಂದ ಗಾಳಿ ಬುಸ್ಸೆಂದು ಬಂದಾಗ ಮಲ್ಲಮ್ಮನ ಬೆರಳುಗಳು ಸಡಿಲವಾದವು.

ಆಮೇಲೆ ಕೀವು ತೆಗೆದರು, ಆ ಬುದ್ಧಿಹಲ್ಲು ಕಿತ್ತರು, ತಗಡು ಬಿಚ್ಚಿದರು. ಹಲ್ಲಿನ ಬುಡದಲ್ಲಿ ಹುಳುಕು ಸೇರಿ, ಸೋಂಕು ಮೂಳೆಗಿಳಿದು, ಎರಡು ಸ್ಕ್ರೂಗಳನ್ನು ಸಡಿಲಿಸಿತ್ತು. ವರ್ಷಕ್ಕೊಮ್ಮೆ ಯಾರಾದರೂ ಬಾಯಿ ತೆರೆಸಿ ನೋಡಿದ್ದರೆ ಕಾಣುತ್ತಿತ್ತು. ಮೂಳೆ ಮಾತ್ರ ಎಂದೋ ಕೂಡಿತ್ತು. ತೊಳೆದ ತಗಡನ್ನು ಸರ್ ನನ್ನ ಅಂಗೈಯಲ್ಲಿ ಇಟ್ಟರು. ನಿನ್ನೆ ಡಬ್ಬಿಯಿಂದ ತೆಗೆದ ಹಾಗೆ ಹೊಳೆಯುತ್ತಿತ್ತು. ತುಕ್ಕಿನ ಬಗ್ಗೆ ನಾನು ಹೇಳಿದ್ದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ಅದು ಯಾರಿಗೂ ಬೇಕಾದ ಮಾತಾಗಿರಲಿಲ್ಲ, ಅಷ್ಟೇ.

ಸಂಜೆ ವರಾಂಡದಲ್ಲಿ ಹಣಮಂತ ನನ್ನ ಮುಂದೆ ಕೈಮುಗಿದ. "ನೀವ್ ಇದ್ದೀರಿ ಅಂತ ಇಕಿ ಉಳದಳ್ರಿ ಅಕ್ಕಾರ."

ಆ ಮನುಷ್ಯ ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ನಾನು, "ಹಣಮಂತಣ್ಣ, ಡಾಕ್ಟರ್ ಬರ್ಬೇಕಂದಿದ್ರು. ಬರಬ್ಯಾಡ್ರಿ ಅಂದದ್ದು ನಾ. ಇವತ್ತ ಮಲಗಿಸಬಾರದಿತ್ತು, ಮಲಗಿಸಿದ್ದೂ ನಾನೇ" ಎಂದೆ. ಅವನಿಗೆ ಅದು ಅರ್ಥವಾಯಿತೋ ಇಲ್ಲವೋ. "ಆತು ಬಿಡ್ರಿ, ಉಸರ ಆಡ್ಲತ್ತಾದಲ್ಲ" ಎಂದು ಮಗಳ ಬಳಿಗೆ ಹೋದ. ರೇಣುಕಾಗೆ ಅರ್ಥವಾಗಿತ್ತು. ಅವಳು ಮೂರು ದಿನ ನನ್ನ ಜೊತೆ ಮಾತಾಡಲಿಲ್ಲ.

ಮಾರನೆಯ ದಿನ ಸರ್ ಆ ಪಟ್ಟಿ ತರಲು ಹೇಳಿದರು. ಕೊನೆಯ ಮೂರು ಪುಟದ ಮೂರನೆಯ ಕಾಲಂ ನೀವೇ ಓದಿ ಎಂದರು. ತೊಂದರೆ ಇಲ್ಲ, ತೊಂದರೆ ಇಲ್ಲ, ತೊಂದರೆ ಇಲ್ಲ. ನಾಲ್ಕನೆಯ ಹೆಸರು ಮಲ್ಲಮ್ಮನದು. ಅಲ್ಲಿಗೆ ನಿಂತೆ.

"ನಿಮಗೆ ಹೇಗೆ ಗೊತ್ತಿತ್ತು?" ಎಂದರು.

ಗೊತ್ತಿರಲಿಲ್ಲ. ಗೊತ್ತಿಲ್ಲ ಎಂಬ ಉತ್ತರವನ್ನು ನಾನು ಜೀವಮಾನದಲ್ಲಿ ಎಷ್ಟು ಸಲ ಹೇಳಿದ್ದೆನೋ, ಎಣಿಸಲು ಒಂದು ಕೈಯ ಬೆರಳು ಸಾಕು. ಅಲ್ಲೇ ಕುಳಿತು, ಬಿಳಿ ಶಾಯಿಯಿಂದ ಒಂದೊಂದೇ ಅಳಿಸಿ, ಪ್ರತಿ ಹೆಸರಿನ ಮುಂದೆ 'ಗೊತ್ತಿಲ್ಲ' ಎಂದು ಬರೆದೆ. ಮೂರು ಪುಟ. ಆ ಮುತ್ಯಾನ ಹೆಸರೂ ಇತ್ತು. ಸರ್ ಸಮ್ಮೇಳನದಲ್ಲಿ ನನ್ನ ಹೆಸರು ಹೇಳಲಿಲ್ಲ. ಹೇಳದೆ ಇದ್ದದ್ದು ಅವರ ದೊಡ್ಡತನ.

ನಿಮಗೆ ನನ್ನ ಉಪದೇಶ ಇಷ್ಟೇ. ರೋಗಿಗೆ ಹೇಳಬೇಕಾದ್ದನ್ನು ಹೇಳಿದ ಮೇಲೆ, "ಈಗ ನಾನು ಏನು ಹೇಳಿದೆ, ನೀವು ಹೇಳಿ" ಎಂದು ಕೇಳಿ. ಅವರ ಬಾಯಿಂದ ವಿಮಾನ ಬಂದರೆ ನೀವು ತಪ್ಪು ಹೇಳಿದ್ದೀರಿ. ತಾರೀಖು ಬಂದರೆ ಸರಿ. ಮಲ್ಲಮ್ಮನ ಬಿಡುಗಡೆಯ ದಿನ ನಾನು ಹೀಗೇ ಕೇಳಿದೆ. ನಳಿಕೆ ತೆಗೆದಿದ್ದರು, ಗಂಟಲಿನ ತೂತಿನ ಮೇಲೆ ಪಟ್ಟಿ ಇತ್ತು. ಅದರ ಮೇಲೆ ಎರಡು ಬೆರಳೊತ್ತಿ, ಗೊಗ್ಗರು ದನಿಯಲ್ಲಿ ಆರು ವಾರದ ತಾರೀಖು ಹೇಳಿದಳು.

ಆ ತಾರೀಖಿಗೆ ಅವಳು ಬರಲಿಲ್ಲ. ಒಂದು ವಾರ ಕಳೆಯಿತು, ಎರಡು ಕಳೆಯಿತು. ಹಣಮಂತನ ಫೋನು ಬಂದ್ ಆಗಿತ್ತು. ನನ್ನ ನಿವೃತ್ತಿಯ ದಿನ ಶಾಲು ಹೊದಿಸಿ, ತೆಂಗಿನಕಾಯಿ ಕೊಟ್ಟು, ಮೂವತ್ತು ವರ್ಷದ ನಿಷ್ಕಳಂಕ ಸೇವೆ ಎಂದು ಯಾರೋ ಮಾತಾಡಿದರು. ನಾನು ಆ ಹೊತ್ತಿನಲ್ಲಿ ಲೆಕ್ಕ ಹಾಕುತ್ತಿದ್ದೆ: ಮೂಳೆಯಲ್ಲಿ ಸೋಂಕು ಉಳಿದಿದ್ದರೆ ಮತ್ತೆ ಕೀವು ತುಂಬಲು ಎಷ್ಟು ದಿನ ಬೇಕು.

ಮಾರನೆಯ ಬೆಳಿಗ್ಗೆ ಲಾಸಲಗಾಂವ್ ಬಸ್ಸು ಹತ್ತಿದೆ. ಮಾರ್ಕೆಟ್ ಯಾರ್ಡಿನ ಹಿಂದೆ ಈರುಳ್ಳಿ ಗೋದಾಮುಗಳ ಸಾಲು. ಎಲ್ಲಿ ನೋಡಿದರೂ ಈರುಳ್ಳಿಯ ಗುಡ್ಡ, ಗಾಳಿಯಲ್ಲಿ ಕೆಂಪು ಸಿಪ್ಪೆ. ಮೂರನೆಯ ಶೆಡ್ಡಿನಲ್ಲಿ ಹತ್ತು ಹನ್ನೆರಡು ಹೆಂಗಸರು ಕೊಳೆತದ್ದನ್ನು ಬೇರೆ ಮಾಡುತ್ತ ಕುಳಿತಿದ್ದರು, ಎಲ್ಲ ನಮ್ಮ ಕಡೆಯವರೇ. ಅವರ ನಡುವೆ ಮಲ್ಲಮ್ಮ, ಕೊರಳ ಕಲೆಯ ಮೇಲೆ ಸೆರಗು ಸುತ್ತಿಕೊಂಡು.

"ಅಯ್ಯ ಅಕ್ಕಾರ, ನೀವ್ಯಾಕ ಬಂದ್ರಿ ಇಲ್ಲಿಗಿ?"

"ನೀ ಯಾಕ ಬರ್ಲಿಲ್ಲ, ಅದನ್ನ ಹೇಳು."

"ಬರ್ಬೇಕಂತಿದ್ದೆ. ಮಾಲ್ ಭಾಳ ಬಂದಾದ್ರಿ, ಮುಕಾದಮ ಬಿಡವಲ್ಲ. ನೋವ್ ಇಲ್ರಿ, ರೊಟ್ಟಿ ತಿನ್ಲತ್ತೀನಿ."

ನಾನು ನಂಬಲಿಲ್ಲ. ಒಂದು ಚೀಲದ ಮೇಲೆ ಅವಳನ್ನು ಬೆಳಕಿಗೆ ಮುಖ ಮಾಡಿ ಕೂರಿಸಿ, ಬಾಯಿ ತೆರೆಸಿ, ಮೊಬೈಲಿನ ಬೆಳಕಿನಲ್ಲಿ ನೋಡಿದೆ. ಕೈಗವಸು ಹಾಕಿ ವಸಡನ್ನು ಒತ್ತಿದೆ. ಕೀವಿಲ್ಲ. ಹಲ್ಲು ಕಿತ್ತ ಗುಳಿ ತುಂಬಿ ಗುಲಾಬಿ ಬಣ್ಣಕ್ಕೆ ಬಂದಿತ್ತು. ಗಲ್ಲದ ಕೆಳಗೆ ಮೆತ್ತಗಿತ್ತು. ಇನ್ನೂ ಒಂದು ಸಲ ನೋಡಿದೆ. ಕುತ್ತಿಗೆಯ ಕಲೆಯ ಮೇಲೆ ಕೈಯಿಟ್ಟು, ಅವಳು ಉಸಿರು ಎಳೆದು ಬಿಡುವುದನ್ನು ಬೇಕಿಲ್ಲದಷ್ಟು ಹೊತ್ತು ಕೇಳುತ್ತ ಕುಳಿತೆ. ಅವಳು ನನ್ನನ್ನು ಹಾಗೇ ಕೂರಲು ಬಿಟ್ಟಳು.

ಅಷ್ಟರಲ್ಲಿ ಉಳಿದ ಹೆಂಗಸರು ಕೈಯಲ್ಲಿದ್ದ ಈರುಳ್ಳಿ ಬಿಟ್ಟು ಸುತ್ತ ನೆರೆದಿದ್ದರು. ಒಬ್ಬಳಿಗೆ ಹಲ್ಲುನೋವು. ಇನ್ನೊಬ್ಬಳು, "ನಂದೂ ತಗಡ ಅದರಿ, ವಾಳೂಜದಾಗೇ ಹಾಕಿದ್ದು" ಎಂದು ಬಲದವಡೆ ಮುಟ್ಟಿ ತೋರಿಸಿದಳು. ನನ್ನ ಮೂರು ಪುಟದಲ್ಲಿ ಅವಳ ಹೆಸರೂ ಇದ್ದೀತು. ನಾನು ಚೀಲದ ಮೇಲೆ ನೆಟ್ಟಗಾಗಿ ಕುಳಿತು, ಗಂಟಲು ಸರಿಪಡಿಸಿಕೊಂಡು, "ನೋಡ್ರಿ, ಈ ತಗಡು ಏನದಲ್ಲ" ಎಂದು ಶುರುಮಾಡಿದೆ.

ಮಲ್ಲಮ್ಮ ನನ್ನ ಮೊಣಕಾಲಿನ ಮೇಲೆ ಕೈಯಿಟ್ಟು ನನ್ನನ್ನು ತಡೆದಳು. ಆಮೇಲೆ ಆ ಹೆಂಗಸರ ಕಡೆ ತಿರುಗಿದಳು.

"ಅಕ್ಕಾರ ಮಾತ ಕೇಳಬ್ಯಾಡ್ರಿ. ಬಾಯಿ ಅಷ್ಟ ತೋರಸ್ರಿ."